ಕಾಫಿಗೆ ಕಾಯುವ ತಾಕತ್ತು ಬಂತು, ಹತ್ತಿಗೆ?

ಕಲ್ಮಲ ಚಹಾ ಕುಡಿಯುವ ಸೀಮೆ. ಇಲ್ಲಿ ಕಾಫಿ ಮಾತು ಯಾತಕ್ಕ ಬಂತು ಅಂತ ಯಾರಾದರೂ ಕೇಳಬಹುದು. 2024-25ರಲ್ಲಿ ದೇಶದ ಕಾಫಿ ರಫ್ತು 180 ಕೋಟಿ ಡಾಲರ್ ಮುಟ್ಟಿತು. ದೇಶದ ಬೆಳೆಯಲ್ಲಿ ನೂರಕ್ಕೆ 70ರಷ್ಟು ಕೊಡಗು, ಚಿಕ್ಕಮಗಳೂರು, ಹಾಸನದ್ದು. ಬೆಳೆಯುವವರೆಲ್ಲ ದೊಡ್ಡ ಎಸ್ಟೇಟಿನ ದೊರೆಗಳಲ್ಲ, ಬಹುಪಾಲು ಸಣ್ಣ ಹಿಡುವಳಿದಾರರೇ. ರಾಜೇಂದ್ರ ಗಂಜಿಗೆ ಹತ್ತಿ ಹೇರಿಕೊಂಡು ಹೋಗುವ ಕಲ್ಮಲದ ರೈತ ಈ ಮಾತನ್ನು ಗಮನಿಸಬೇಕು.

ಇದು ಬರೀ ಮಲೆನಾಡಿನ ಮಳೆಯ ಪುಣ್ಯವಲ್ಲ. 1925ರಲ್ಲೇ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರವಾಯಿತು. ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿದಾಗ ಸರಕಾರ 1942ರ ಕಾಯ್ದೆ ತಂದು ಬೆಳೆಗಾರರ ಮಾಲನ್ನು ಒಂದೇ ರಾಶಿಗೆ ಹಾಕಿಸಿತು. ದರ್ಜೆ ಮಾಡಿ ಹರಾಜು ಹಾಕುವ ಹೊಣೆ ಕಾಫಿ ಮಂಡಳಿಯದಾಯಿತು. ಹಣ ಕಂತು ಕಂತಾಗಿ, ತಡವಾಗಿ ಬರುತ್ತಿತ್ತು. ಬೆಳೆಗಾರರು ಗೊಣಗಿದರು, ಗೊಣಗಿದ್ದು ನ್ಯಾಯವೇ. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಬಿಚ್ಚಿತು. ಆಮೇಲೆ ವಿಯೆಟ್ನಾಂ ಕಾಫಿ ಜಗತ್ತಿನ ಪೇಟೆ ತುಂಬಿ, 2001ರ ಸುಮಾರಿಗೆ ದರ ನೆಲಕಚ್ಚಿ, ಬೆಳೆಗಾರರು ಸಾಲಕ್ಕೂ ಬಿದ್ದರು. ಆದರೂ ದರ್ಜೆಯ ಲೆಕ್ಕ, ಕ್ಯೂರಿಂಗ್ ವರ್ಕ್ಸ್, ಒಣಗಿಸಿದ ಮಾಲನ್ನು ಇಟ್ಟುಕೊಂಡು ದರಕ್ಕೆ ಕಾಯುವ ರೂಢಿ ಉಳಿದವು. 2024ರಲ್ಲಿ ದರ ಏರಿದಾಗ ಕೈಯಲ್ಲಿ ಮಾಲಿದ್ದವನು ಗೆದ್ದ.

ಹತ್ತಿಗೂ 1970ರಿಂದ ಭಾರತೀಯ ಹತ್ತಿ ನಿಗಮ ಇದೆ, ಇಲ್ಲ ಅನ್ನುವಂತಿಲ್ಲ. ಪೇಟೆ ದರ ಬೆಂಬಲ ಬೆಲೆಗಿಂತ ಇಳಿದರೆ ಖರೀದಿಗೆ ಇಳಿಯುವುದು ಅದರ ಕೆಲಸ. ಆದರೆ ತೇವಾಂಶ ನೂರಕ್ಕೆ 8 ದಾಟಿದರೆ ಬೆಲೆ ಕಡಿತ, 12 ದಾಟಿದರೆ ಮಾಲು ವಾಪಸ್. ಬಿಡಿಸಿದ ಹತ್ತಿಯನ್ನು ಒಣಗಿಸಿ ಇಡಲು ಮನೆಯಲ್ಲಿ ಜಾಗ ಎಲ್ಲಿ? ಬೀಜ-ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಮುಂಗಡ ತಂದವನಿಗೆ ಕಾಯುವ ಧೈರ್ಯ ಎಲ್ಲಿಂದ ಬರಬೇಕು? ಮೊದಲ ಹತ್ತಿ ಬಂದ ವಾರವೇ, ಎಲ್ಲರ ಮಾಲೂ ಒಟ್ಟಿಗೆ ನುಗ್ಗುವ ಹೊತ್ತಿನಲ್ಲೇ, ಅವನೂ ಮಾರುತ್ತಾನೆ. ‘ದರ ಎಷ್ಟ್ ಹಾಕಿದ್ರೀ ಸಾವುಕಾರ್ರೆ?’ ಅಂತ ಕೇಳುವುದಷ್ಟೇ ಅವನ ಪಾಲಿನ ವ್ಯಾಪಾರ.

ಮಾನ್ವಿ, ಸಿಂಧನೂರಿನ ದಾರಿ ಕವಲೊಡೆಯುವ ಕಲ್ಮಲ ಕ್ರಾಸು ಇದಕ್ಕೆ ತಕ್ಕ ಜಾಗ. ಸುತ್ತಲಿನ ಹಳ್ಳಿಗಳ ಹತ್ತಿ ಹಿಡಿಸುವಷ್ಟು ಉಗ್ರಾಣ, ರೈತನ ಕಣ್ಣೆದುರೇ ತೇವಾಂಶ ಅಳೆಯುವ ಯಂತ್ರ, ಇಟ್ಟ ಮಾಲಿನ ಮೇಲೆ ಅಲ್ಲೇ ಅಡಮಾನ ಸಾಲ ಸಿಗಬೇಕು. ಅಡಮಾನ ಸಾಲದ ಯೋಜನೆ ಎಪಿಎಂಸಿಯವರಿಗೆ ಹೊಸದೇನಲ್ಲ. ಅದನ್ನು ಗಂಜಿನ ಗೇಟಿನಿಂದ ಹೋಬಳಿಗೆ ತರಬೇಕಷ್ಟೆ. ಜಿಲ್ಲಾಡಳಿತ ಖರೀದಿ ಕೇಂದ್ರ ತೆರೆಯುವ ತಾರೀಖನ್ನು ಮೊದಲ ಹತ್ತಿ ಬಿಡಿಸುವ ಮುಂಚೆಯೇ ಊರೂರಿಗೆ ಡಂಗುರ ಹೊಡೆಸಿ ಸಾರಲಿ.