ಹಲ್ಲೆಣಿಸದ ಎತ್ತು

ಎತ್ತು ಕೊಳ್ಳಲು ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಮೊದಲು ಅದರ ಬಾಯಿ ತೆರೆದು ಹಲ್ಲೆಣಿಸುತ್ತಿದ್ದರು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದು ತಿಳಿದ ಮೇಲೆ ಸುಳಿ ನೋಡುವುದು, ಗೊರಸು ನೋಡುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು. ವಸ್ತ್ರದ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಆಡುವುದು ಅನಂತರದ ಮಾತು. ಮಾರುವವನು ಸ್ವಂತ ಭಾವಮೈದುನನೇ ಆಗಿದ್ದರೂ ಈ ಕ್ರಮ ತಪ್ಪುತ್ತಿರಲಿಲ್ಲ. ಅವನೂ ಮುಖ ಸಿಂಡರಿಸಿಕೊಳ್ಳುತ್ತಿರಲಿಲ್ಲ. ಅವರ ಮೊಮ್ಮಕ್ಕಳಾದ ನಾವು ಲಕ್ಷಗಟ್ಟಲೆ ಹಣ ತೆತ್ತು, ಇನ್ನೊಬ್ಬರು ಓಡಿಸಿ ಬಿಟ್ಟ ಕಾರನ್ನು ಕೊಳ್ಳುವಾಗ, ಬಾನೆಟ್ಟನ್ನೊಮ್ಮೆ ತೆರೆಯಿರಿ ಎನ್ನುವುದಕ್ಕೂ ನಾಚುತ್ತೇವೆ.

ಒಳಗೆ ದೋಷವಿಟ್ಟುಕೊಂಡ ಕಾರನ್ನು ಅಮೆರಿಕದವರು ‘ನಿಂಬೆಹಣ್ಣು’ ಎಂದು ಕರೆಯುತ್ತಾರೆ. ನಾವು ಕಾರಿಗೆ ಪೂಜೆ ಮಾಡಿ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅವರಲ್ಲಿ ಗಾಲಿಗಳ ಮೇಲಿರುವುದೇ ನಿಂಬೆಹಣ್ಣು! ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಈ ನಿಂಬೆಹಣ್ಣಿನ ಪೇಟೆಯನ್ನೇ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು (ಬರೆಯುವವರಿಗೆಲ್ಲ ಇದೊಂದು ಸಮಾಧಾನ). 2001ರಲ್ಲಿ ಅದೇ ವಿಚಾರಸರಣಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲನ್ನು ತಂದುಕೊಟ್ಟಿತು. ಅವರ ವಾದ ಇಷ್ಟು: ಕಾರಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಇವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಣ ಬೆಲೆಯನ್ನಷ್ಟೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಒಪ್ಪದೆ ಮನೆಗೆ ಹೋಗುತ್ತಾನೆ. ಪೇಟೆಯಲ್ಲಿ ಉಳಿಯುವುದು ನಿಂಬೆಹಣ್ಣು ಮಾತ್ರ.

ಇದು ಮುಖಪರಿಚಯವಿಲ್ಲದವರ ಪೇಟೆಯ ಮಾತಾಯಿತು. ಸಂಡೂರಿನಂಥ ಊರಿನಲ್ಲಿ ಕಾರು ಕೈಬದಲಾಗುವುದು ಬಹುಮಟ್ಟಿಗೆ ಬಲ್ಲವರ ನಡುವೆ. ದೋಣಿಮಲೈ ಗಣಿಯಿಂದ ದೂರದ ಬೈಲಾಡಿಲಕ್ಕೆ ವರ್ಗವಾದ ಅಧಿಕಾರಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನಿವೃತ್ತಿಗೆ ಬಂದವರು, ಎದುರು ಮನೆಯ ಗುತ್ತಿಗೆದಾರರು, ಹೀಗೆ. ಇಲ್ಲಿನ ಅಪಾಯವೂ ಬೇರೆಯೇ. ಮಾರುವವರನ್ನು ಬಲ್ಲೆವಾದುದರಿಂದ ಅವರ ಕಾರನ್ನೂ ಬಲ್ಲೆವೆಂದು ನಾವು ತಿಳಿದುಬಿಡುತ್ತೇವೆ. ಅವರು ಸತ್ಯಸಂಧರೇ ಇರಬಹುದು. ಆದರೆ ಎಂಟು ವರ್ಷ ಚಾಲಕನ ಕೈಗೆ ಬಿಟ್ಟ ಗಾಡಿಯ ಒಳರೋಗ ಅವರಿಗಾದರೂ ಹೇಗೆ ತಿಳಿಯಬೇಕು? ಆದರೂ ಕೇಳಲು ನಮಗೆ ದಾಕ್ಷಿಣ್ಯ. ದಾಕ್ಷಿಣ್ಯವನ್ನು ಕುರಿತ ನಮ್ಮ ಗಾದೆಯೊಂದನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅಚ್ಚು ಮಾಡಿಸುವಂತಿಲ್ಲ. ವಾಚಕರು ಅದನ್ನು ಬಲ್ಲರು.

ಈ ಸೀಮೆಯ ಕಾರಿಗೆ ತನ್ನದೇ ಆದ ಹಲ್ಲುಗಳುಂಟು. ಅವುಗಳಲ್ಲಿ ಮೊದಲನೆಯದು ಅದಿರಿನ ಕೆಂಧೂಳು. ಬೇರೆ ಊರುಗಳಲ್ಲಿ ಬಲ್ಲವರು ಸೀಟಿನ ಬೆಲ್ಟನ್ನು ಪೂರ್ತಿ ಎಳೆದು ನೋಡುತ್ತಾರೆ. ಅದರ ತುದಿಯಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೆರೆಯಲ್ಲಿ ಮುಳುಗಿದ್ದಿರಬೇಕೆಂದು ಶಂಕಿಸುತ್ತಾರೆ. ಇಲ್ಲಿಯ ಬೆಲ್ಟಿನಲ್ಲಿ ಕೆಂಪು ಕಾಣದಿದ್ದರೇ ಆಶ್ಚರ್ಯ. ಒರೆಸಿದರೆ ಬೆರಳಿಗೆ ಹಿಟ್ಟಿನಂತೆ ಅಂಟುವುದು ಗಾಳಿಯ ಧೂಳು. ಕಾಲ್ಚಾಪೆಯ ಅಡಿಯಲ್ಲಿ, ಸೀಟಿನ ಕಂಬಿಯ ಸಂದಿನಲ್ಲಿ ಹೆಪ್ಪುಗಟ್ಟಿ, ಜೊತೆಗೆ ತುಕ್ಕನ್ನೂ ಎಬ್ಬಿಸಿರುವುದು ನೀರು ತಂದ ಮಣ್ಣು. ಧೂಳಿನ ನಿಜವಾದ ಹಾವಳಿಯಾದರೋ ಇಂಜಿನ್ನಿನ ಒಳಗೆ. ಗಾಳಿ ಸೋಸುವ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಆ ನುಣ್ಣನೆಯ ಧೂಳು ಸಿಲಿಂಡರಿಗೆ ನುಗ್ಗಿ ಪಿಸ್ಟನ್ನಿನ ಉಂಗುರಗಳನ್ನು ಅರೆಯುತ್ತದೆ. ಇಂಜಿನ್ ಓಡುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳವನ್ನು ಮೆಲ್ಲನೆ ತೆಗೆಯಿರಿ. ಒಲೆಯಂತೆ ಹೊಗೆ ಉಗುಳಿದರೆ, ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಕಂಡರೆ, ನಮಸ್ಕಾರ ಹೇಳಿ ಹೊರಡುವುದು ಲೇಸು.

“ತೊಳೆದ ಇಂಜಿನ್ ನೋಡಬ್ಯಾಡ್ರಿ ಸಾರ್, ಕೊಳೆ ಇರೋದನ್ನ ನೋಡ್ರಿ” ಎಂದು ನನ್ನ ಪರಿಚಯದ ಮೆಕ್ಯಾನಿಕ್ ಹೇಳುವುದುಂಟು. ಎಣ್ಣೆ ಎಲ್ಲಿ ಸೋರುತ್ತಿದೆಯೆಂಬುದನ್ನು ಹೇಳುವುದು ಆ ಕೊಳೆಯೇ. ಅಂಥವನೊಬ್ಬನಿಗೆ ಅರ್ಧ ದಿನದ ಸಂಬಳ ಕೊಟ್ಟು ಕರೆದೊಯ್ಯುವುದು ಕೊಳ್ಳುವವರು ಮಾಡುವ ಖರ್ಚುಗಳಲ್ಲೆಲ್ಲ ಸಾರ್ಥಕವಾದುದೆಂದು ನನ್ನ ಮತ.

ಕಿಲೋಮೀಟರಿನ ಅಂಕಿಯನ್ನು ನಂಬಬೇಡಿ. ಎತ್ತಿನ ಹಲ್ಲನ್ನು ಹಿಂದಕ್ಕೆ ತಿರುಗಿಸಲಾಗದು, ಈ ಅಂಕಿಯನ್ನು ತಿರುಗಿಸಬಹುದು. ತಿರುಗಿಸದೆ ಇದ್ದರೂ, ಗಣಿಯ ದಾರಿಯಲ್ಲಿ ಒಂದು ಎರಡನೆಯ ಗೇರಿನಲ್ಲೇ ತೆವಳಿದ ಗಾಡಿಯ ದೂರ ಕಡಿಮೆ, ದುಡಿಮೆ ಹೆಚ್ಚು. ಕ್ಲಚ್ಚಿನ ಪೆಡಲಿನ ರಬ್ಬರು ನುಣುಪಾಗಿ ಸವೆದಿದ್ದು ಅಂಕಿ ಮಾತ್ರ ಮೂವತ್ತು ಸಾವಿರವೆಂದರೆ ಎರಡರಲ್ಲೊಂದು ಸುಳ್ಳು. ಇನ್ನು ಓಡಿಸಿ ನೋಡುವುದು. ತಣ್ಣಗಿರುವ ಇಂಜಿನ್ನನ್ನು ನೀವೇ ಎದುರಿಗಿದ್ದು ಚಾಲೂ ಮಾಡಿಸಿ, ಕುಮಾರಸ್ವಾಮಿ ಬೆಟ್ಟದ ದಾರಿ ಹಿಡಿಯಿರಿ. ಏರಿನಲ್ಲಿ ಇಂಜಿನ್ನಿನ ಸದ್ದು ಹೆಚ್ಚಿ ವೇಗ ಹೆಚ್ಚದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದರ್ಥ. ಬ್ರೇಕಿನ ಸಮಾಚಾರ ಇಳಿಯುವಾಗ ತಿಳಿಯುತ್ತದೆ. ದೇವರ ದರ್ಶನವೂ ಆಗುತ್ತದೆ.

ಕಾಗದಪತ್ರಗಳ ವಿಷಯ ಇಷ್ಟು ಹಗುರಾದುದಲ್ಲ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಸಾಲದ ಮೇಲೆ ತಂದ ಲಾರಿಗಳು ಸಾಲಾಗಿ ನಿಂತುದನ್ನು ಈ ಭಾಗದವರು ಮರೆತಿಲ್ಲ. ಗಾಡಿ ಎದುರಿಗಿದ್ದರೂ ಅದರ ಮೇಲಿನ ಹಕ್ಕು ಸಾಲ ಕೊಟ್ಟವರದಾಗಿರಬಹುದೆಂಬುದನ್ನು ಆ ದಿನಗಳು ಕಲಿಸಿದವು. ನೋಂದಣಿ ಪತ್ರದಲ್ಲಿ ಸಾಲದ ನಮೂದು ಇದ್ದರೆ, ಬ್ಯಾಂಕಿನ ಬಾಕಿಯಿಲ್ಲವೆಂಬ ಪತ್ರವೂ ಬ್ಯಾಂಕು ಸಹಿ ಮಾಡಿದ 35ನೆಯ ನಮೂನೆಯೂ ಕೈಸೇರುವವರೆಗೆ ಪೂರ್ಣ ಹಣ ಕೊಡಲಾಗದು. ಛತ್ತೀಸಗಢದ ಸಂಖ್ಯೆ ಹೊತ್ತು ಬಂದ ಗಾಡಿಯಾದರೆ ಅಲ್ಲಿಯ ಕಚೇರಿಯ ಆಕ್ಷೇಪಣೆಯಿಲ್ಲವೆಂಬ ಪತ್ರ ಬೇಕು, ಇಲ್ಲಿಯ ತೆರಿಗೆಯ ಲೆಕ್ಕವನ್ನೂ ಬೆಲೆಯಲ್ಲಿ ಕಳೆಯಬೇಕು.

ಬಲ್ಲವರ ನಡುವಣ ವ್ಯವಹಾರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಹೆಸರಿನ ವರ್ಗಾವಣೆ. “ನಮ್ಮವರೇ ಅಲ್ಲವೇ, ನಿಧಾನವಾಗಿ ಮಾಡಿಸೋಣ” ಎಂಬ ಮಾತಿನಲ್ಲಿ ವರ್ಷಗಳು ಕಳೆಯುತ್ತವೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವಾದರೆ, ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು. 29 ಮತ್ತು 30ನೆಯ ನಮೂನೆಗಳು ಇರುವುದೇ ಅದಕ್ಕೆ. ತಿಳಿಸದಿದ್ದರೆ ಏನಾದೀತು? ಕೈಯಿಂದ ಕೈಗೆ ಹಲವು ಸಲ ಮಾರಾಟವಾದ ಕಾರೊಂದು 2009ರಲ್ಲಿ ಅಪಘಾತಕ್ಕೀಡಾಗಿ ಜೀವಹಾನಿಯಾಯಿತು. ಪತ್ರದಲ್ಲಿ ಮಾತ್ರ ಮೊದಲನೆಯವರ ಹೆಸರೇ ಉಳಿದಿತ್ತು. ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ಮಾರಿ ಮರೆತ ಕಾರು ಎಲ್ಲಿಯೋ ಒಬ್ಬರ ಮೇಲೆ ಹರಿದರೆ ಕೋರ್ಟಿನ ಕಾಗದ ಬರುವುದು ಇವರ ಮನೆಗೆ! ಕೊಂಡವರ ಪಾಡೂ ಸುಖದ್ದಲ್ಲ. ವಿಮೆಯನ್ನು 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಇದ್ದರೆ ತಮ್ಮ ಗಾಡಿಗಾದ ನಷ್ಟಕ್ಕೆ ಪರಿಹಾರ ಕೇಳುವಾಗ ತೊಡಕು ತಪ್ಪದು. ಅಪಘಾತವಿಲ್ಲದ ವರ್ಷಗಳಿಗಾಗಿ ವಿಮೆಯವರು ಕೊಡುವ ರಿಯಾಯಿತಿಯೂ ಹಳೆಯ ಒಡೆಯರದು. ಅದು ಗಾಡಿಯ ಜೊತೆ ಬರುವುದಿಲ್ಲ.

ಆದುದರಿಂದ ಕೊನೆಯ ಕಂತಿನ ಹಣವನ್ನು ಸಾರಿಗೆ ಇಲಾಖೆಗೆ ಅರ್ಜಿ ಸಲ್ಲಿಕೆಯಾದ ದಿನವೇ ಕೊಡುವುದೆಂದು ಮೊದಲೇ ಹೇಳಿಬಿಡಿ. ಮಾನಸ್ಥರು ಇದಕ್ಕೆ ಬೇಸರಿಸಲಾರರು. ಈ ಕಟ್ಟು ಅವರನ್ನೂ ಕಾಯುತ್ತದೆ. ಗಾಡಿಯನ್ನು ಒಪ್ಪಿಸಿಕೊಂಡ ಚೀಟಿಯಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿ. ಎರಡನೆಯ ಕೀಲಿಕೈ, ಜಾಕಿ, ಸರ್ವಿಸ್ಸಿನ ಪುಸ್ತಕ, ಇವನ್ನು ಅಲ್ಲಿಯೇ ಕೇಳಿ ಪಡೆಯಿರಿ. ನಿಂಬೆಹಣ್ಣು ತರಲು ಆಮೇಲೆ ಹೊರಡಬಹುದು.