ತಾರೀಖು ಯಾರ ಸೊತ್ತು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜಮೀನು ದಾವೆ ಹೈಕೋರ್ಟ್ ಮೆಟ್ಟಿಲೇರಿದರೆ ವಿಚಾರಣೆ ಬೆಂಗಳೂರಿನಲ್ಲೇ. 2008ರಲ್ಲಿ ಧಾರವಾಡಕ್ಕೆ ಪೀಠ ಬಂದಾಗ ಪಕ್ಕದ ಹಾವೇರಿ ಅದಕ್ಕೆ ಸೇರಿತು, ದಾವಣಗೆರೆ ಸೇರಲಿಲ್ಲ. ದೂರವನ್ನಾದರೂ ಸಹಿಸಬಹುದು, ಕತ್ತಲೆಯನ್ನಲ್ಲ. ಯಾವ ಕೇಸು ಯಾವ ದಿನ, ಯಾವ ಹಾಲ್‌ನಲ್ಲಿ, ಎಷ್ಟನೇ ಸರದಿ ಎಂಬುದನ್ನು ವಕೀಲರು ‘ಕಾಸ್ ಲಿಸ್ಟ್’ ನೋಡಿ ಗುರುತಿಟ್ಟುಕೊಳ್ಳುತ್ತಾರೆ. ಕಕ್ಷಿದಾರನಿಗೆ ಸಿಗುವುದು ‘ಫೋನ್ ಮಾಡ್ತೀನಿ’ ಎಂಬ ಭರವಸೆ ಮಾತ್ರ. ಕೇಸು ಕೂಗಿದಾಗ ಮೇಲ್ಮನವಿದಾರನ ಪರ ಯಾರೂ ಇಲ್ಲದಿದ್ದರೆ ಮೇಲ್ಮನವಿಯೇ ವಜಾ ಆಗಬಹುದು. ಆಗ ಹೋಗುವುದು ರೈತನ ಜಮೀನು, ವಕೀಲರದ್ದಲ್ಲ.

ಸಂವಿಧಾನದ 348ನೇ ವಿಧಿ ಹೈಕೋರ್ಟಿನ ಕಲಾಪಕ್ಕೆ ಇಂಗ್ಲಿಷ್ ಎನ್ನುತ್ತದೆ, ನಿಜ. ತಾರೀಖನ್ನು ಕನ್ನಡದಲ್ಲಿ ತಿಳಿಸಬೇಡಿ ಎನ್ನುತ್ತದೆಯೇ? ತಾಲೂಕು ಕೋರ್ಟಿನ ಗೋಡೆಗೆ ಆ ಊರಿನ ಕೇಸುಗಳ ಕನ್ನಡ ಪಟ್ಟಿಯೊಂದನ್ನು ಅಂಟಿಸಲು ಯಾವ ತಿದ್ದುಪಡಿ ಬೇಕು? ನ್ಯಾಯ ಆಮೇಲಿನ ಮಾತು; ಮೊದಲು ತಾರೀಖು ಕೊಡಿ.