ಪೇಟೆಂಟ್ ಬೇಲಿ, ಬೆಳೆಯಲ್ಲ

ಸ್ವತಂತ್ರ ಸಂಶೋಧಕನೊಬ್ಬನಿಗೆ ಪೇಟೆಂಟ್ ದೊರೆತರೆ ಅವನ ಬಾಳು ಹಸನಾಯಿತೆಂದು ನಾವು ಭಾವಿಸುತ್ತೇವೆ. ಆದರೆ ಪೇಟೆಂಟ್ ಬರಿಯ ಬೇಲಿ, ಬೆಳೆಯಲ್ಲ. ಅದು ಅನ್ಯರನ್ನು ತಡೆಯುವ ಹಕ್ಕು ಮಾತ್ರ. ತಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದವನೂ ಅವನೇ.

ಅಮೆರಿಕದ ರಾಬರ್ಟ್ ಕರ್ನ್ಸ್ ತುಂತುರು ಮಳೆಯಲ್ಲಿ ಬಿಟ್ಟುಬಿಟ್ಟು ಆಡುವ ಕಾರಿನ ವೈಪರ್ ರೂಪಿಸಿ, 1964ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಫೋರ್ಡ್ ಕಂಪನಿಯ ಮೇಲೆ 1978ರಲ್ಲಿ ಅವರು ಹೂಡಿದ ದಾವೆ ಇತ್ಯರ್ಥವಾದದ್ದು 1990ರಲ್ಲಿ. ಒಂದು ಕೋಟಿ ಡಾಲರಿಗೂ ಮಿಕ್ಕ ಹಣ ಬಂತು. ಅಷ್ಟರಲ್ಲಿ ಸಂಸಾರ ಒಡೆದಿತ್ತು.

ಹಾಗೆಂದು ಬೇಲಿ ಬೇಡವೆನ್ನಲಾಗದು. ನಮ್ಮ ಕಾನೂನಿನಂತೆ ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಆದ್ಯತೆಯ ದಿನಾಂಕ ದೊರೆಯುತ್ತದೆ. ಪೂರ್ಣ ವಿವರಣೆಗೆ 12 ತಿಂಗಳ ಅವಕಾಶವಿದೆ. ಅದಕ್ಕೂ ಮುನ್ನ ಯಂತ್ರವನ್ನು ಹತ್ತು ಜನರೆದುರು ಪ್ರದರ್ಶಿಸಿದರೆ ಹಕ್ಕಿಗೇ ಕುತ್ತು ಬಂದೀತು. ಪೇಟೆಂಟಿನ ಆಯುಸ್ಸು ಅರ್ಜಿಯ ದಿನದಿಂದ 20 ವರ್ಷ. ಉಳಿಸಿಕೊಳ್ಳಲು ನವೀಕರಣ ಶುಲ್ಕವನ್ನೂ ತೆರಬೇಕು. ಆದುದರಿಂದ ಆ 12 ತಿಂಗಳಲ್ಲೇ ತಯಾರಕರನ್ನು ಹುಡುಕಿ, ಪರವಾನಗಿ ನೀಡಿ ರಾಯಧನ ಪಡೆಯುವ ಒಪ್ಪಂದಕ್ಕೆ ತೊಡಗುವುದೇ ಜಾಣತನ.

ಇದನ್ನು ವ್ಯಾಪಾರಬುದ್ಧಿಯೆಂದು ಹೀಗಳೆಯುವವರು ಜಗದೀಶಚಂದ್ರ ಬೋಸರ ನಿಸ್ಪೃಹತೆಯನ್ನು ನೆನಪಿಸುತ್ತಾರೆ. ಪೇಟೆಂಟ್ ಬಗ್ಗೆ ಒಲವಿಲ್ಲದ ಬೋಸರು ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದರು. ತಗಡಿನ ಷೆಡ್ಡಿನಲ್ಲಿ ಸಾಲ ಮಾಡಿ ಯಂತ್ರ ಕಟ್ಟುವವನಿಗೆ ಅಂಥ ಆಸರೆಯಿಲ್ಲ. ತಿಂಗಳ ಮೊದಲಿಗೆ ತಪ್ಪದೆ ಸರ್ಕಾರಿ ಸಂಬಳ ಎಣಿಸುವ ನಮ್ಮಂಥವರು ಅವನಿಗೆ ತ್ಯಾಗವನ್ನು ಬೋಧಿಸುವುದು ಸಲ್ಲದು.